ಎನ್.ಡಬ್ಲ್ಯೂ.ಎ.: ಬೇರೆಯವರಿಗೆ ಬರೆದ ಹಾಡಿನಿಂದ ಹುಟ್ಟಿದ ತಂಡ. ಬರೆದವರ ಹೆಸರು ಯಾಕೆ ಹಿಂದೆ ಉಳಿಯಿತು?

ಕ್ಯಾಸೆಟ್‌ಪ್ರಿಯ

ಎನ್.ಡಬ್ಲ್ಯೂ.ಎ. ಅಂದರೆ 80ರ ದಶಕದ ಕೊನೆಗೆ ಅಮೆರಿಕದ ಲಾಸ್ ಏಂಜಲೀಸ್ ಪಕ್ಕದ ಕಾಂಪ್ಟನ್ ಊರಿನಿಂದ ಬಂದ ರ‍್ಯಾಪ್ ತಂಡ. ಆ ಹೆಸರು ಹೇಳಿದ ತಕ್ಷಣ ಎಲ್ಲರೂ ಪೊಲೀಸರ ಮೇಲೆ ಬರೆದ ಹಾಡು, ಎಫ್‌ಬಿಐ ಪತ್ರ, ಆಮೇಲೆ ಆದ ಒಡಕು, ಇವನ್ನೇ ಮಾತಾಡ್ತಾರೆ. ತಂಡ ಹುಟ್ಟಿದ ಬಗೆಯನ್ನು ಯಾರೂ ಕೇಳೋದಿಲ್ಲ. ನನಗೆ ಅದೇ ಮುಖ್ಯ. ಯಾಕೆಂದರೆ ಇವರು ಮೊದಲು ತಾವೇ ಹಾಡೋಕೆ ಅಂತ ಸೇರಿದವರಲ್ಲ. ಬೇರೆಯವರಿಗೆ ಹಾಡು ಮಾಡಿಕೊಡೋಕೆ ಸೇರಿದವರು.

ಕಾಂಪ್ಟನ್‌ನ ಎರಿಕ್ ರೈಟ್, ಅಂದರೆ ಈಝಿ-ಈ, ಡ್ರಗ್ಸ್ ಮಾರಿ ಕೂಡಿಸಿದ ದುಡ್ಡು ಹಾಕಿ ರೂತ್‌ಲೆಸ್ ರೆಕಾರ್ಡ್ಸ್ ಅನ್ನೋ ಹಾಡಿನ ಕಂಪನಿ ಶುರು ಮಾಡಿದ. ಅವನು ರ‍್ಯಾಪರ್ ಅಲ್ಲ. ಬಂಡವಾಳ ಹಾಕೋ ಯಜಮಾನ ಅಷ್ಟೆ. ಡಾ. ಡ್ರೇ ಬೀಟ್ ಕಟ್ಟಬೇಕು, ಐಸ್ ಕ್ಯೂಬ್ ಸಾಲು ಬರೆಯಬೇಕು, ಕಂಪನಿಗೆ ಸೇರಿಸಿಕೊಂಡ ಬೇರೆ ಯಾರೋ ಹಾಡಬೇಕು. ಇದು ಲೆಕ್ಕಾಚಾರ. ಹಾಡೋಕೆ ಸಿಕ್ಕಿದ್ದು ಎಚ್.ಬಿ.ಓ., ಹೋಮ್ ಬಾಯ್ಸ್ ಓನ್ಲಿ ಅನ್ನೋ ತಂಡ. ಅವರು ನ್ಯೂಯಾರ್ಕ್ ಕಡೆಯ ಹುಡುಗರು. ಅವರಿಗಾಗಿ ಕ್ಯೂಬ್ ಬರೆದ ಹಾಡು 'ಬಾಯ್ಜ್ ಇನ್ ದ ಹುಡ್'. ಅವನಿಗಾಗ ಇನ್ನೂ 18 ತುಂಬಿರಲಿಲ್ಲ.

ಸ್ಟುಡಿಯೋ ಬುಕ್ ಆಗಿದೆ, ದುಡ್ಡು ಕಟ್ಟಿ ಆಗಿದೆ. ಹುಡುಗರು ಸಾಲು ನೋಡಿದರು, ಇದು ನಮ್ಮ ಮಾತಲ್ಲ, ಪೂರಾ ಲಾಸ್ ಏಂಜಲೀಸ್ ಕಡೆಯದು ಅಂತ ಎದ್ದು ಹೋದರು. ಒಂದು ರೀತಿ ಅವರು ಹೇಳಿದ್ದು ಸರಿಯೇ. ಹಾಡಿನಲ್ಲಿ ಇರೋದು ಕಾಂಪ್ಟನ್ ಬೀದಿ, 64ನೇ ಇಸವಿಯ ಶೆವ್ರೊಲೆ ಕಾರು, ಅಲ್ಲಿನ ಹುಡುಗರ ಒಂದು ದಿನ. ಡ್ರೇ ಈಝಿಯ ಕಡೆ ತಿರುಗಿ ನೀನೇ ಹಾಡು ಅಂದ. ಹಾಗೆ ಶುರುವಾಗಿದ್ದು ಈ ಕಥೆ.

ನಾನು ಹೇಳೋದು ಇಷ್ಟು. ಈ ತಂಡದಲ್ಲಿ ಕೇಳಿಸೋ ದನಿ ಒಬ್ಬನದು, ಪೆನ್ನು ಇನ್ನೊಬ್ಬನದು. ಅದನ್ನ ಮರೆತರೆ ಇವರು ಮೇಲೆ ಬಂದದ್ದೂ ಅರ್ಥ ಆಗೋದಿಲ್ಲ, ಒಡೆದು ಹೋದದ್ದೂ ಅರ್ಥ ಆಗೋದಿಲ್ಲ. ನೀವೇನು ಹೇಳ್ತೀರಿ?

ಬೀಟ್‌ಕೇಳುಗ

ಪೆನ್ನು ಪೆನ್ನು ಅಂತೀರಲ್ಲ ಗುರು, ಡ್ರೇ ಇಲ್ಲದಿದ್ದರೆ ಆ ಸಾಲುಗಳು ನೋಟ್‌ಬುಕ್‌ನಲ್ಲೇ ಇರ್ತಿದ್ದವು. ಆವತ್ತು ರೆಕಾರ್ಡಿಂಗ್ ಹೇಗೆ ಆಯ್ತು ಅನ್ನೋದನ್ನ ಪೂರ್ತಿ ಹೇಳಿ. ಈಝಿಗೆ ತಾಳ ಹಿಡಿಯೋಕೇ ಬರ್ತಿರಲಿಲ್ಲ. ಒಂದು ಚರಣ ಒಟ್ಟಿಗೆ ಹೇಳೋಕೆ ಆಗ್ತಿರಲಿಲ್ಲ. ಡ್ರೇ ಒಂದೊಂದೇ ಸಾಲು ಹೇಳಿಸಿದ. ಒಂದು ಸಾಲು ಹೇಳು, ಟೇಪ್ ನಿಲ್ಲಿಸು, ಹಿಂದಕ್ಕೆ ತಿರುಗಿಸು, ತಪ್ಪಿದ್ದರೆ ಮತ್ತೆ ಹೇಳು, ಸರಿಯಾದ ಜಾಗಕ್ಕೆ ಪಂಚ್ ಮಾಡು, ಅಂದರೆ ಹಳೇದರ ಮೇಲೆ ಹೊಸದನ್ನ ಕೂರಿಸು, ಮುಂದಿನ ಸಾಲು. ಈಗಿನ ಥರ ಕಂಪ್ಯೂಟರ್‌ನಲ್ಲಿ ಎಳೆದು ಕೂರಿಸೋ ಕೆಲಸ ಅಲ್ಲ. ಟೇಪ್ ಓಡ್ತಾ ಇರುವಾಗಲೇ ಕೂದಲೆಳೆ ಅಳತೆಯಲ್ಲಿ ಬಟನ್ ಒತ್ತಬೇಕು. ತಡವಾದರೆ ಹಿಂದಿನ ಸಾಲಿನ ಬಾಲ ಉಳಿಯುತ್ತೆ, ಬೇಗ ಆದರೆ ಒಳ್ಳೆ ಸಾಲೂ ಅಳಿಸಿಹೋಗುತ್ತೆ.

ಹಾಡೋಕೆ ಬರದ ಮನುಷ್ಯನ ಕೈಲಿ ಹಾಡಿಸಿ ಅವನ ಆ ಕೀರಲು ದನಿಯನ್ನೇ ಗುರುತು ಮಾಡಿದ್ದು ಡ್ರೇ. ಆ ಕಾಲದ ನ್ಯೂಯಾರ್ಕ್ ರ‍್ಯಾಪರ್‌ಗಳಲ್ಲಿ ಬಹಳಷ್ಟು ಜನ ಗಡಸು ದನಿಯವರು. ಈಝಿಯದು ಪೋಲಿ ಹುಡುಗನ ದನಿ. ಆ ಸಾಲುಗಳಿಗೆ ಅದೇ ಬೇಕಿತ್ತು. ಕ್ಯೂಬ್ ತಾನೇ ಹಾಡಿದ್ದರೆ ಬೆದರಿಕೆ ಥರ ಕೇಳಿಸ್ತಿತ್ತು, ಈಝಿ ಹಾಡಿದ್ದರಿಂದ ಪಕ್ಕದ ಮನೆ ಹುಡುಗ ಬಂದು ಕಥೆ ಹೇಳಿದ ಹಾಗಾಯ್ತು. ಹಾಗಾಗಿ ದನಿಯೂ ಅರ್ಧ ಬರವಣಿಗೆಯೇ ಅಂತ ನನ್ನ ವಾದ.

ಕ್ಯಾಸೆಟ್‌ಪ್ರಿಯ

@ಬೀಟ್‌ಕೇಳುಗ ಒಪ್ಪಿದೆ, ಡ್ರೇ ಕೆಲಸ ಸಣ್ಣದಲ್ಲ. ಆದರೆ ಕ್ಯೂಬ್ ಎಲ್ಲಿಂದ ಬಂದ ಅನ್ನೋದನ್ನೂ ನೋಡಿ. ಅವನ ಮನೆ ದಕ್ಷಿಣ ಲಾಸ್ ಏಂಜಲೀಸ್‌ನಲ್ಲಿ. ಓದಿದ್ದು ದೂರದ ಸ್ಯಾನ್ ಫರ್ನಾಂಡೋ ವ್ಯಾಲಿಯ ಟ್ಯಾಫ್ಟ್ ಹೈಸ್ಕೂಲ್‌ನಲ್ಲಿ. ದಿನಾ ಬಸ್ಸಲ್ಲಿ ಹೋಗಿ ಬರೋದು. ಮೊದಲ ರ‍್ಯಾಪ್ ಬರೆದದ್ದು 9ನೇ ತರಗತಿಯ ಟೈಪಿಂಗ್ ಕ್ಲಾಸಿನಲ್ಲಿ, ಪಕ್ಕದಲ್ಲಿ ಕೂತ ಗೆಳೆಯ ಸವಾಲು ಹಾಕಿದ ಅಂತ. ಎರಡು ಬೇರೆ ಬೇರೆ ಲೋಕಗಳನ್ನ ದಿನಾ ನೋಡ್ತಿದ್ದವನಿಗೆ ತನ್ನ ಬೀದಿ ಹೊರಗಿನವರಿಗೆ ಹೇಗೆ ಕಾಣುತ್ತೆ ಅಂತ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಆ ಸಾಲುಗಳಲ್ಲಿ ಅಷ್ಟು ವಿವರ. ಯಾರು ಎಲ್ಲಿ ನಿಂತಿದ್ದ, ಯಾವ ಕಾರು, ಕೈಯಲ್ಲಿ ಏನಿತ್ತು, ಎಲ್ಲ ಕಣ್ಣ ಮುಂದೆ ಬರುತ್ತೆ.

ಆ ಹಾಡೊಂದೇ ಅಲ್ಲ. 1987ರಲ್ಲಿ ಬಂದ '8 ಬಾಲ್' ಹಾಡೂ ಅವನೇ ಈಝಿಗೆ ಬರೆದುಕೊಟ್ಟದ್ದು. ಆಮೇಲೆ ಕ್ಯೂಬ್ ಫೀನಿಕ್ಸ್‌ಗೆ ಹೋಗಿ ಕಟ್ಟಡಗಳ ನಕ್ಷೆ ಬಿಡಿಸೋ ಕೋರ್ಸ್‌ಗೆ ಸೇರಿದ. ಹಾಡು ಕೈಕೊಟ್ಟರೆ ಒಂದು ಕಸುಬು ಇರಲಿ ಅಂತ. ಅವನು ಊರಲ್ಲಿ ಇಲ್ಲದಾಗ ಈಝಿಯ 'ಈಝಿ ಡಜ್ ಇಟ್' ಆಲ್ಬಂಗೆ ಬರೆಯೋಕೆ ಎಂ.ಸಿ. ರೆನ್ ಬಂದ. ಒಂಟಿಯಾಗಿ ಹಾಡೋಕೆ ಅಂತ ಸೈನ್ ಮಾಡಿದ್ದ ಹುಡುಗ ಅವನು. ಮೊದಲು ಯಜಮಾನನಿಗೆ ಬರೆದುಕೊಟ್ಟ, ಆಮೇಲೆ ತಂಡದೊಳಕ್ಕೆ ಬಂದ. ಡಲ್ಲಾಸ್‌ನಿಂದ ಬಂದ ದ ಡಿ.ಓ.ಸಿ. ಅನ್ನೋ ರ‍್ಯಾಪರ್ ಕಥೆಯೂ ಹೆಚ್ಚುಕಮ್ಮಿ ಇದೇ. ಅಂದರೆ ರೂತ್‌ಲೆಸ್‌ನಲ್ಲಿ ಒಳಗೆ ಬರೋ ಬಾಗಿಲೇ ಬೇರೆಯವರಿಗೆ ಬರೆದುಕೊಡೋದು.

ಟೊರೆನ್ಸ್‌ಕನ್ನಡಿಗ

ನಾನು ಇರೋದು ಟೊರೆನ್ಸ್‌ನಲ್ಲಿ. ಹೋಂಡಾ ಕಂಪನಿಯ ಅಮೆರಿಕ ಕಚೇರಿ ಇರೋ ಊರು, ಸಮುದ್ರದ ಹತ್ತಿರ, ಬಹಳ ಶಾಂತ. ಈ ರೆಕಾರ್ಡಿಂಗ್ ಎಲ್ಲ ನಡೆದ ಆಡಿಯೋ ಅಚೀವ್‌ಮೆಂಟ್ಸ್ ಸ್ಟುಡಿಯೋ ಇದ್ದದ್ದು ಇದೇ ಊರಿನಲ್ಲಿ. ಇಲ್ಲಿರೋ ನಮ್ಮವರಿಗೆ ಇದನ್ನ ಹೇಳಿದರೆ ನಂಬೋದೇ ಇಲ್ಲ. ಕಾಂಪ್ಟನ್ ಇಲ್ಲಿಂದ ಕಾರಲ್ಲಿ ಸ್ವಲ್ಪವೇ ದೂರ.

ಇನ್ನೊಂದು ಜಾಗ ಹೇಳಲೇಬೇಕು, ರೋಡಿಯಂ. ಹಿಂದೆ ಕಾರಲ್ಲೇ ಕೂತು ಸಿನಿಮಾ ನೋಡೋ ಬಯಲು ಥಿಯೇಟರ್ ಆಗಿತ್ತು, ಆಮೇಲೆ ಸ್ವಾಪ್ ಮೀಟ್ ಆಯ್ತು, ಅಂದರೆ ನಮ್ಮ ಊರಿನ ಸಂತೆ ಥರ. ಬಟ್ಟೆ, ಪಾತ್ರೆ, ಚಪ್ಪಲಿ, ಹಳೆ ಸಾಮಾನು ಎಲ್ಲ ಬಯಲಲ್ಲೇ. ಅಲ್ಲಿ ಸ್ಟೀವ್ ಯಾನೊ ಅನ್ನೋವರು ರೆಕಾರ್ಡ್ ಅಂಗಡಿ ಇಟ್ಟಿದ್ದರು. ಡ್ರೇ ಅವರಿಗೆ ಮಿಕ್ಸ್ ಟೇಪ್ ಮಾಡಿಕೊಡ್ತಿದ್ದ. ಈಝಿ ಅಲ್ಲಿ ಗಿರಾಕಿ. ಯಾವ ಹಾಡು ಹಾಕಿದರೆ ಜನ ನಿಲ್ತಾರೆ, ಯಾವುದಕ್ಕೆ ಮುಂದೆ ಹೋಗ್ತಾರೆ, ಇವರಿಗೆ ಕಣ್ಣಾರೆ ಗೊತ್ತಾಗ್ತಿತ್ತು. ದೊಡ್ಡ ಕಂಪನಿಯ ಆಫೀಸಿನಲ್ಲಿ ಕೂತವರಿಗೆ ಅದು ಗೊತ್ತಿರಲಿಲ್ಲ.

ರೆಕಾರ್ಡ್ ಪ್ರೆಸ್ ಆದದ್ದು ಹಾಲಿವುಡ್‌ನ ಮಕೋಲಾ ಅನ್ನೋ ಕಡೆ. ದುಡ್ಡು ಕೊಟ್ಟರೆ ಯಾರ ರೆಕಾರ್ಡ್ ಬೇಕಾದರೂ ಒತ್ತಿಕೊಡ್ತಿದ್ದರು. ಈಝಿ ಅದನ್ನ ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ಮಾರಿದ. ರೇಡಿಯೋ ಅಂದರೆ ಕೆಡೇ 1580 ಒಂದೇ, ಹಗಲೂ ರಾತ್ರಿ ರ‍್ಯಾಪ್ ಹಾಕ್ತಿದ್ದ ಸ್ಟೇಷನ್. ಸಂತೆ, ಡಿಕ್ಕಿ, ಒಂದು ಎಎಂ ರೇಡಿಯೋ. ಶುರುವಿನಲ್ಲಿ ಇದ್ದದ್ದು ಇಷ್ಟೇ.

ಸಾಲುಹುಡುಕಿ

ಎಲ್ಲ ಸರಿ. ಆದರೆ ಇಷ್ಟು ಜನ ಬರೆದರೂ ಜೆ.ಜೆ. ಫ್ಯಾಡ್ ಹೆಸರು ಒಬ್ಬರೂ ಎತ್ತಲಿಲ್ಲವಲ್ಲ?

ಮೂವರು ಹುಡುಗಿಯರ ತಂಡ. 'ಸೂಪರ್‌ಸಾನಿಕ್' ಹಾಡು 1988ರಲ್ಲಿ ದೇಶವೆಲ್ಲ ಓಡಿತು. ಅದರ ಹಿಂದೆ ಇದ್ದವನು ಅರೇಬಿಯನ್ ಪ್ರಿನ್ಸ್, ಎನ್.ಡಬ್ಲ್ಯೂ.ಎ.ಯ ಮೊದಲ ಸದಸ್ಯರಲ್ಲಿ ಒಬ್ಬ. ಆಲ್ಬಂನಲ್ಲಿ ಡ್ರೇ ಮತ್ತು ಎನ್.ಡಬ್ಲ್ಯೂ.ಎ.ಯ ಇನ್ನೊಬ್ಬ ಸದಸ್ಯ ಡಿಜೆ ಯೆಲ್ಲಾ, ಇಬ್ಬರ ಕೆಲಸವೂ ಇದೆ. ಬೈಗುಳ ಇಲ್ಲ, ಬಂದೂಕು ಇಲ್ಲ, ಕುಣಿಯೋ ಹಾಡು. ರೇಡಿಯೋಗೆ ಹೋಯಿತು, ದೊಡ್ಡ ಕಂಪನಿಯ ವಿತರಣೆ ಸಿಕ್ಕಿತು, ರ‍್ಯಾಪ್‌ಗೆ ಗ್ರ್ಯಾಮಿ ಮೊದಲ ಸಲ ಪ್ರಶಸ್ತಿ ಇಟ್ಟಾಗ ನಾಮಿನೇಷನ್ ಕೂಡ ಬಂತು. ರೂತ್‌ಲೆಸ್ ಅನ್ನೋ ಹೆಸರಿಗೆ ಮಾರುಕಟ್ಟೆಯಲ್ಲಿ ಬೆಲೆ ತಂದುಕೊಟ್ಟವರಲ್ಲಿ ಇವರು ಮೊದಲಿಗರು. "ಬೇರೆಯವರಿಗೆ ಹಾಡು ಮಾಡಿಕೊಟ್ಟು ಮೇಲೆ ಬಂದರು" ಅನ್ನೋ ಮಾತಿಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಾ? ಈ ಹುಡುಗಿಯರ ಹಾಡು ಕಂಪನಿಗೆ ದಾರಿ ಮಾಡಿತು, ಆಮೇಲೆ ಅದೇ ಕಂಪನಿಯ ಗಂಡಸರು ಹೆಂಗಸರ ಬಗ್ಗೆ ಬರೆದ ಸಾಲುಗಳನ್ನ ನಾನು ಇಲ್ಲಿ ಬರೆಯೋಕೂ ಇಷ್ಟಪಡೋದಿಲ್ಲ. 1991ರ ಜನವರಿಯಲ್ಲಿ ಡ್ರೇ ಟಿವಿ ನಿರೂಪಕಿ ಡೀ ಬಾರ್ನ್ಸ್ ಅವರ ಮೇಲೆ ಕೈ ಮಾಡಿದ. ಕೋರ್ಟಿಗೂ ಹೋಯಿತು. ಪೆನ್ನಿನ ಬಗ್ಗೆ ಹೆಮ್ಮೆಯಿಂದ ಮಾತಾಡೋಣ, ಬೇಡ ಅನ್ನಲ್ಲ. ಅದೇ ಪೆನ್ನು ಯಾರ ಮೇಲೆ ಹರಿಯಿತು ಅನ್ನೋದನ್ನೂ ಹೇಳೋಣ.

ಕ್ಯಾಸೆಟ್‌ಪ್ರಿಯ

@ಸಾಲುಹುಡುಕಿ ಮೇಡಂ, ಇದು ಇಲ್ಲಿ ಬರಲೇಬೇಕಾಗಿದ್ದ ಮಾತು. ಜೆ.ಜೆ. ಫ್ಯಾಡ್ ಗೆದ್ದ ಮೇಲೆಯೇ ಈ ಕಡೆಯ ಒರಟು ಹಾಡುಗಳಿಗೆ ಧೈರ್ಯ ಬಂತು ಅಂತ ನನಗೂ ಅನಿಸುತ್ತೆ.

ಬೀಟ್‌ಕೇಳುಗ

1988ರ 'ಸ್ಟ್ರೇಟ್ ಔಟ್ಟಾ ಕಾಂಪ್ಟನ್' ಆಲ್ಬಂಗೆ ಬರೋಣ. ತೀರಾ ಕಡಿಮೆ ಖರ್ಚಲ್ಲಿ, ಕೆಲವೇ ವಾರಗಳಲ್ಲಿ ಮುಗಿಸಿದ ಆಲ್ಬಂ. ಹೊರತಂದದ್ದು ಪ್ರಯಾರಿಟಿ ರೆಕಾರ್ಡ್ಸ್. ಅದಕ್ಕೂ ಮುಂಚೆ ಆ ಕಂಪನಿಗೆ ಹೆಸರು ತಂದದ್ದು ಜಾಹೀರಾತಿನ ಒಣದ್ರಾಕ್ಷಿ ಬೊಂಬೆಗಳು ಹಾಡೋ ಹಳೇ ಹಾಡುಗಳ ರೆಕಾರ್ಡು! ಎಂಟಿವಿ ಶೀರ್ಷಿಕೆ ಹಾಡಿನ ವಿಡಿಯೋ ಹಾಕಲಿಲ್ಲ. ರೇಡಿಯೋಗಳು ಹತ್ತಿರ ಸೇರಿಸಲಿಲ್ಲ. ಬಿಲ್‌ಬೋರ್ಡ್ ಪಟ್ಟಿಯಲ್ಲಿ, ಅಂದರೆ ಅಮೆರಿಕದಲ್ಲಿ ಹೆಚ್ಚು ಓಡೋ ಆಲ್ಬಂಗಳ ಪಟ್ಟಿಯಲ್ಲಿ, ಆಗ 37ನೇ ಸ್ಥಾನದವರೆಗೆ ಹೋಯಿತು. ಆದರೂ 1989ರ ಜುಲೈ ಹೊತ್ತಿಗೆ ಪ್ಲಾಟಿನಂ, ಅಂದರೆ 10 ಲಕ್ಷ ಪ್ರತಿ. ಆಗಸ್ಟ್ 1ಕ್ಕೆ ಎಫ್‌ಬಿಐ ಅಧಿಕಾರಿ ಮಿಲ್ಟ್ ಆಲೆರಿಕ್ ಪೊಲೀಸರ ಮೇಲಿನ ಆ ಹಾಡನ್ನ ಆಕ್ಷೇಪಿಸಿ ಪ್ರಯಾರಿಟಿಗೆ ಪತ್ರ ಬರೆದ. ಅದು ಇನ್ನಷ್ಟು ಪ್ರಚಾರವೇ ಆಯ್ತು.

ಆ ಕಾಲದ ಊರಿನ ಸ್ಥಿತಿಯನ್ನೂ ನೆನಪಿಡಿ. ಪೊಲೀಸ್ ಮುಖ್ಯಸ್ಥ ಡ್ಯಾರಿಲ್ ಗೇಟ್ಸ್. ಮನೆ ಗೋಡೆ ಒಡೆದು ನುಗ್ಗೋ ಗಾಡಿ. ಆಪರೇಷನ್ ಹ್ಯಾಮರ್ ಅನ್ನೋ ಹೆಸರಲ್ಲಿ ಕಪ್ಪು ಹುಡುಗರನ್ನ ಸಾಮೂಹಿಕವಾಗಿ ಹಿಡಿದು ಹಾಕ್ತಿದ್ದರು. ಈ ಆಲ್ಬಂನ ಪೊಲೀಸ್ ಹಾಡು ಅಲ್ಲಿಂದ ಬಂದದ್ದು. ಅದಕ್ಕೆ ಅದರಲ್ಲಿ ಕೋರ್ಟ್ ಸೀನ್ ಇದೆ, ಪೊಲೀಸನೇ ಕಟಕಟೆಯಲ್ಲಿ. ಈ ಉಪಾಯ ಬರೆಯೋವನ ತಲೆಯಿಂದಲೇ ಬರಬೇಕು, ಬೀಟ್‌ನಿಂದ ಬರಲ್ಲ. ಈ ಒಂದು ವಿಷಯದಲ್ಲಿ ಪೂರ್ತಿ ಪೆನ್ನಿನ ಪರ ನಾನು.

ಅದೇ ಆಲ್ಬಂನ 'ಎಕ್ಸ್‌ಪ್ರೆಸ್ ಯುವರ್‌ಸೆಲ್ಫ್' ಕೇಳಿ. ಹಾಡೋದು ಡ್ರೇ, ಬರೆದದ್ದು ಕ್ಯೂಬ್. ಗಾಂಜಾ ಸೇದಿದರೆ ಮೆದುಳು ಹಾಳಾಗುತ್ತೆ ಅನ್ನೋ ಅರ್ಥದ ಸಾಲು ಡ್ರೇ ಬಾಯಲ್ಲಿ ಬರುತ್ತೆ. 4 ವರ್ಷ ಆದ ಮೇಲೆ ಅದೇ ಡ್ರೇ ತನ್ನ ಮೊದಲ ಸ್ವಂತ ಆಲ್ಬಂಗೆ ಗಾಂಜಾದ ಹೆಸರನ್ನೇ ಇಟ್ಟ. ಬರೆಯೋವನು ಬದಲಾದರೆ ಹಾಡುಗಾರನ ನಿಲುವೇ ಬದಲಾಗುತ್ತೆ.

ಹೊಸಕಿವಿ

ನಾನು ಈಗಷ್ಟೇ ಇವನ್ನೆಲ್ಲ ಕೇಳೋಕೆ ಶುರು ಮಾಡಿರೋದು. ಒಂದು ಸಂದೇಹ. ರ‍್ಯಾಪ್‌ನಲ್ಲಿ ಬೇರೆಯವರು ಬರೆದದ್ದನ್ನ ಹೇಳೋದು ಅವಮಾನ ಅಂತಾರಲ್ವಾ? ಹಾಗಿದ್ದರೆ ಈಝಿ ಹೇಗೆ ತಪ್ಪಿಸಿಕೊಂಡ? ಇನ್ನೊಂದು, ಬರೆದವರಿಗೆ ದುಡ್ಡು ಹೇಗೆ ಬರ್ತಿತ್ತು?

ಹಕ್ಕುಪತ್ರ

@ಹೊಸಕಿವಿ ಮೊದಲನೆಯದಕ್ಕೆ ಬೇರೆಯವರು ಹೇಳಲಿ, ಎರಡನೆಯದಕ್ಕೆ ನಾನು ಹೇಳ್ತೀನಿ. ಸಂಗೀತದ ಹಕ್ಕುಗಳ ಕೆಲಸ ಹತ್ತಿರದಿಂದ ಬಲ್ಲೆ.

ಒಂದು ರೆಕಾರ್ಡ್‌ನಲ್ಲಿ ಎರಡು ಆಸ್ತಿ ಇರುತ್ತೆ. ಒಂದು ರೆಕಾರ್ಡಿಂಗ್, ಅಂದರೆ ಮಾಸ್ಟರ್. ಅದು ಸಾಮಾನ್ಯವಾಗಿ ಕಂಪನಿಯದು. ಹಾಡಿದವರಿಗೆ ಅದರಲ್ಲಿ ರಾಯಲ್ಟಿ ಬರುತ್ತೆ, ಆದರೆ ಸ್ಟುಡಿಯೋ ಖರ್ಚು, ಮುಂಗಡ ಎಲ್ಲ ಕಳೆದ ಮೇಲೆ. ಇನ್ನೊಂದು ಹಾಡು, ಅಂದರೆ ಸಾಹಿತ್ಯ ಮತ್ತು ಸಂಗೀತ. ಇದಕ್ಕೆ ಪಬ್ಲಿಷಿಂಗ್ ಅಂತಾರೆ. ಪ್ರತಿ ರೆಕಾರ್ಡ್ ಮಾರಾಟಕ್ಕೂ ಹಾಡು ಬರೆದವರ ಕಡೆಗೆ ಇಷ್ಟು ಸೆಂಟ್ಸ್ ಅಂತ ಅಮೆರಿಕದಲ್ಲಿ ಕಾನೂನೇ ಇದೆ. 1988ರಲ್ಲಿ ಒಂದು ಹಾಡಿಗೆ 5.25 ಸೆಂಟ್ಸ್. 10 ಲಕ್ಷ ಪ್ರತಿ ಹೋದರೆ ಒಂದೊಂದು ಹಾಡಿಗೂ 52,500 ಡಾಲರ್. ಇದು ಪೂರ್ತಿ ದರದ ಲೆಕ್ಕ. ಆ ಕಾಲದ ಒಪ್ಪಂದಗಳಲ್ಲಿ ಕಂಪನಿಗಳು ಇದರ ಮುಕ್ಕಾಲು ಭಾಗ ಮಾತ್ರ ಕೊಡ್ತೀವಿ ಅಂತ ಬರೆಸಿಕೊಳ್ಳೋದು ಮಾಮೂಲಿ. ಬಂದದ್ದರಲ್ಲಿ ಸಾಮಾನ್ಯವಾಗಿ ಅರ್ಧ ಪಬ್ಲಿಷರ್‌ಗೆ, ಉಳಿದ ಅರ್ಧವನ್ನ ಸಾಹಿತ್ಯದವರು ಮತ್ತು ಸಂಗೀತದವರು ಹಂಚಿಕೊಳ್ಳಬೇಕು.

ಈಗ ನೋಡಿ. ರೂತ್‌ಲೆಸ್‌ಗೆ ತನ್ನದೇ ಪಬ್ಲಿಷಿಂಗ್ ಕಂಪನಿ ಇತ್ತು. ಅಂದರೆ ಕ್ಯೂಬ್ ಬರೆದ ಸಾಲಿಗೆ ಬರೋ ದುಡ್ಡೂ ಮೊದಲು ಅದೇ ಕಂಪನಿಯ ಕೈ ಸೇರಿ ಆಮೇಲೆ ಇವನಿಗೆ. 'ಸ್ಟ್ರೇಟ್ ಔಟ್ಟಾ ಕಾಂಪ್ಟನ್' ಆಲ್ಬಂನ ಅರ್ಧದಷ್ಟು ಸಾಲು ತನ್ನದು, ಆದರೆ ಬಂದ ಪಾಲು ನೋಡಿದರೆ ಅದಕ್ಕೆ ತಾಳೆಯಾಗ್ತಿಲ್ಲ ಅಂತ ಅವನಿಗೆ ಅನಿಸಿತು. ಮ್ಯಾನೇಜರ್ ಜೆರ್ರಿ ಹೆಲ್ಲರ್ ಕಡೆಯಿಂದ ಒಪ್ಪಂದ ಬಂತು, ಸಹಿ ಹಾಕಿದರೆ 75 ಸಾವಿರ ಡಾಲರ್ ಚೆಕ್. ನನ್ನ ವಕೀಲರು ನೋಡದೆ ಹಾಕಲ್ಲ ಅಂದ ಕ್ಯೂಬ್. 1989ರ ಕೊನೆಗೆ ತಂಡದಿಂದ ಹೊರಗೆ ಬಂದ. 20 ವರ್ಷದ ಹುಡುಗ ಆ ಚೆಕ್ ಬಿಟ್ಟು ಎದ್ದು ಹೋದದ್ದು ನನಗೆ ಈ ಇಡೀ ಕಥೆಯಲ್ಲಿ ಅತಿ ದೊಡ್ಡ ಘಟನೆ. ಅವನಿಗಿಂತ ಮೊದಲೇ ದುಡ್ಡಿನ ವಿಷಯಕ್ಕೇ ಅರೇಬಿಯನ್ ಪ್ರಿನ್ಸ್ ಬಿಟ್ಟಿದ್ದ, ಅದನ್ನ ಯಾರೂ ನೆನೆಸೋದಿಲ್ಲ.

ಹೆಲ್ಲರ್ ಕೊನೆಯವರೆಗೂ ತಾನು ಮೋಸ ಮಾಡಿಲ್ಲ ಅಂತಲೇ ವಾದಿಸಿದರು, ಅದನ್ನೂ ಹೇಳಬೇಕು. ಆದರೆ ನನ್ನ ದೂರು ಲೆಕ್ಕ ತಪ್ಪಿತು ಅಂತಲ್ಲ. ಬರೆಯೋವನಿಗೆ ತಾನು ಏನು ಬರೆದುಕೊಟ್ಟೆ, ಯಾವ ಹಕ್ಕು ಬಿಟ್ಟುಕೊಟ್ಟೆ ಅಂತ ಅವತ್ತೇ ತಿಳಿಯೋ ವ್ಯವಸ್ಥೆ ಇರಲಿಲ್ಲ ಅನ್ನೋದು.

ಸಾಲುಹುಡುಕಿ

@ಹೊಸಕಿವಿ ಮೊದಲ ಪ್ರಶ್ನೆಗೆ ನಾನು ಹೇಳ್ತೀನಿ. ಈಝಿ ತಾನು ದೊಡ್ಡ ಕವಿ ಅಂತ ಯಾವತ್ತೂ ಹೇಳಿಕೊಳ್ಳಲಿಲ್ಲ. ಅವನು ಒಂದು ಪಾತ್ರ. ಆ ಪಾತ್ರಕ್ಕೆ ಮಾತು ಬರೆಯೋಕೆ ಕ್ಯೂಬ್, ರೆನ್, ಡಿ.ಓ.ಸಿ. ಇದ್ದರು. ರೆಕಾರ್ಡಿನ ಮೇಲೆ ಅವರ ಹೆಸರೂ ಇತ್ತು. ಕದ್ದುಮುಚ್ಚಿ ಬರೆಸಿಕೊಂಡಿದ್ದರೆ ಅದು ಅವಮಾನ. ಇಲ್ಲಿ ಹಾಗೆ ಇರಲಿಲ್ಲ.

ಇವರಲ್ಲಿ ನನಗೆ ಜಾಸ್ತಿ ನೋವು ಕೊಡೋದು ಡಿ.ಓ.ಸಿ. ಕಥೆ. ಟ್ರೇಸಿ ಕರ‍್ರಿ ಅವನ ಹೆಸರು. ಬೇರೆಯವರಿಗೆ ಬರೆದೂ ಬರೆದೂ 1989ರ ಜೂನ್‌ನಲ್ಲಿ ತನ್ನದೇ ಆಲ್ಬಂ ತಂದ, 'ನೋ ಒನ್ ಕ್ಯಾನ್ ಡೂ ಇಟ್ ಬೆಟರ್'. ಡ್ರೇ ಬೀಟ್. ಆರ್ ಅಂಡ್ ಬಿ ಆಲ್ಬಂಗಳ ಪಟ್ಟಿಯಲ್ಲಿ ಮೊದಲ ಸ್ಥಾನ. ಅವನ ದನಿ ಹೇಗಿತ್ತು ಗೊತ್ತಾ? ಉಸಿರು ಎಲ್ಲಿ ಎಳೀತಾನೆ ಅಂತಲೇ ಗೊತ್ತಾಗದ ಹಾಗೆ ಸಾಲಿನ ಮೇಲೆ ಸಾಲು. ನವೆಂಬರ್‌ನಲ್ಲಿ ಕಾರು ಅಪಘಾತ. ಸೀಟ್ ಬೆಲ್ಟ್ ಹಾಕಿರಲಿಲ್ಲ, ಕಾರಿನಿಂದ ಹೊರಗೆ ಬಿದ್ದ. ಗಂಟಲಿನ ಧ್ವನಿಪೆಟ್ಟಿಗೆ ಜಜ್ಜಿಹೋಯಿತು. ಉಳಿದದ್ದು ಪಿಸುಮಾತಿನಂಥ ಒರಟು ದನಿ. ಆಲ್ಬಂ ಬಂದು 5 ತಿಂಗಳು ಆಗಿತ್ತು ಅಷ್ಟೆ. ಮತ್ತೆ ಬೇರೆಯವರಿಗೆ ಬರೆಯೋಕೆ ಕೂತ. 1991ರ ಎನ್.ಡಬ್ಲ್ಯೂ.ಎ. ಆಲ್ಬಂನಲ್ಲಿ, 1992ರ ಡ್ರೇ ಆಲ್ಬಂನಲ್ಲಿ ಅವನ ಸಾಲುಗಳಿವೆ. ಹಾಡಿದವರೆಲ್ಲ ಕೋಟ್ಯಧೀಶರಾದರು. ತನ್ನ ಪಬ್ಲಿಷಿಂಗ್ ಹಕ್ಕನ್ನ ಶುರುವಿನಲ್ಲೇ ಒಂದಿಷ್ಟು ಒಡವೆಗೆ ಬಿಟ್ಟುಕೊಟ್ಟೆ ಅಂತ ಅವನೇ ಸಂದರ್ಶನಗಳಲ್ಲಿ ಹೇಳಿದ್ದಾನೆ. ಚಿನ್ನದ ಸರ ನೋಡಿದ ಹುಡುಗನಿಗೆ ಪಬ್ಲಿಷಿಂಗ್ ಅಂದರೆ ಏನು ಅಂತ ಯಾರು ಹೇಳಿಕೊಡಬೇಕಿತ್ತು?

2016ರಲ್ಲಿ ಎನ್.ಡಬ್ಲ್ಯೂ.ಎ.ಯನ್ನ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ಐದು ಹೆಸರು. ಡಿ.ಓ.ಸಿ. ಹೆಸರಿಲ್ಲ. ನನ್ನ ಮಟ್ಟಿಗೆ ಅದು ಅನ್ಯಾಯ.

ಬೀಟ್‌ಕೇಳುಗ

@ಸಾಲುಹುಡುಕಿ ಈ ಮಾತಿಗೆ ಎದುರು ಹೇಳೋಕೆ ಏನೂ ಇಲ್ಲ. ಡಿ.ಓ.ಸಿ.ಯ ಆ ಆಲ್ಬಂ ಇವತ್ತು ಮತ್ತೆ ಹಾಕಿದೆ. ಇಷ್ಟು ವರ್ಷ ಡ್ರಮ್ ಮಾತ್ರ ಕೇಳ್ತಿದ್ದೆ, ಇವತ್ತು ಉಸಿರು ಎಲ್ಲಿ ತಗೋತಾನೆ ಅಂತ ಹುಡುಕಿದೆ.

ಆದರೆ ಕ್ಯೂಬ್ ಹೋದ ಮೇಲೂ ತಂಡ ಕುಸಿಯಲಿಲ್ಲ ಅನ್ನೋದೂ ಸತ್ಯ ಅಲ್ವಾ? 1991ರ ಮೇ ಕೊನೆಗೆ ಬಂದ ಆಲ್ಬಂ ಬಿಲ್‌ಬೋರ್ಡ್‌ನಲ್ಲಿ ಸೀದಾ 2ಕ್ಕೆ ಬಂದು, ಮುಂದೆ 1ಕ್ಕೆ ಹೋಯಿತು. ಅಂಗಡಿ ಕೌಂಟರ್‌ನಲ್ಲಿ ಸ್ಕ್ಯಾನ್ ಆದ ನಿಜವಾದ ಮಾರಾಟ ಎಣಿಸೋ ಸೌಂಡ್‌ಸ್ಕ್ಯಾನ್ ಪದ್ಧತಿ ಆಗಷ್ಟೇ ಬಂದಿತ್ತು. ಅದಕ್ಕೂ ಮೊದಲು ಅಂಗಡಿಯವರು ಫೋನಲ್ಲಿ ಹೇಳಿದ್ದೇ ಲೆಕ್ಕ. ಇಂಥ ರೆಕಾರ್ಡ್‌ಗಳನ್ನ ಎಷ್ಟು ಜನ ಕೊಳ್ತಿದ್ದಾರೆ ಅಂತ ಅಮೆರಿಕಕ್ಕೆ ಆಗ ಗೊತ್ತಾಯ್ತು.

ಕ್ಯಾಸೆಟ್‌ಪ್ರಿಯ

ಮಾರಾಟ ಸರಿ. ಆದರೆ ಆ 1991ರ ಆಲ್ಬಂ ಮತ್ತು ಕ್ಯೂಬ್ 1990ರಲ್ಲಿ ನ್ಯೂಯಾರ್ಕ್‌ಗೆ ಹೋಗಿ ಬಾಂಬ್ ಸ್ಕ್ವಾಡ್ ಅನ್ನೋ ಸಂಗೀತ ನಿರ್ಮಾಪಕರ ತಂಡದ ಜೊತೆ ಮಾಡಿದ ಸ್ವಂತ ಆಲ್ಬಂ, ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿ. ಡ್ರೇ ಸೌಂಡ್ ಇನ್ನೂ ಬೆಳೆದಿದೆ, ಆದರೆ ಸಾಲುಗಳಲ್ಲಿ ಆ ಬೀದಿ ಕಾಣೋದಿಲ್ಲ. ಬೀದಿ ಕ್ಯೂಬ್ ಜೊತೆ ಹೋಯಿತು.

@ಹೊಸಕಿವಿ ಕೇಳೋ ದಾರಿ ಹೇಳ್ತೀನಿ. ಮೊದಲು 'ಬಾಯ್ಜ್ ಇನ್ ದ ಹುಡ್', 1987ರದ್ದು. ಆಮೇಲೆ 'ಈಝಿ ಡಜ್ ಇಟ್'ನಿಂದ ಎರಡು ಹಾಡು, ಆಮೇಲೆ 'ಸ್ಟ್ರೇಟ್ ಔಟ್ಟಾ ಕಾಂಪ್ಟನ್' ಶೀರ್ಷಿಕೆ ಹಾಡು. ಅದರಲ್ಲಿ ಕ್ಯೂಬ್, ರೆನ್, ಈಝಿ ಒಬ್ಬರ ಹಿಂದೆ ಒಬ್ಬರು ಬರ್ತಾರೆ. ಕೇಳೋವಾಗ ಪಕ್ಕದಲ್ಲಿ ಕ್ರೆಡಿಟ್ ತೆರೆದಿಟ್ಟುಕೊಳ್ಳಿ, ಯಾರು ಹಾಡ್ತಿದ್ದಾರೆ, ಯಾರು ಬರೆದಿದ್ದಾರೆ ಅಂತ. ಬೈಗುಳ ಜಾಸ್ತಿ ಇದೆ, ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡೇ ಕೇಳಿ.

ಟೊರೆನ್ಸ್‌ಕನ್ನಡಿಗ

ರೆನ್ ಬಗ್ಗೆ ಯಾರೂ ನಾಲ್ಕು ಸಾಲು ಬರೆಯಲಿಲ್ಲ. ಈಝಿಯ ಆಲ್ಬಂ ನಿಂತದ್ದೇ ಅವನ ಬರವಣಿಗೆ ಮೇಲೆ, ಕ್ಯೂಬ್ ಹೋದ ಮೇಲೆ ಭಾರ ಹೊತ್ತವನೂ ಅವನೇ, ತಂಡ ಮುಗಿಯೋವರೆಗೆ ಜೊತೆಗಿದ್ದವನೂ ಅವನೇ. 1992ರಲ್ಲಿ ಅವನು ಒಂಟಿಯಾಗಿ ತಂದ ಇಪಿ, ಅಂದರೆ ಕೆಲವೇ ಹಾಡುಗಳ ಸಣ್ಣ ಆಲ್ಬಂ, ಪ್ಲಾಟಿನಂ ಆಯ್ತು.

ಕ್ಯಾಸೆಟ್‌ಪ್ರಿಯ

@ಟೊರೆನ್ಸ್‌ಕನ್ನಡಿಗ ಹೌದು ಅಣ್ಣ, ಅವನಿಗೆ ಪ್ರತ್ಯೇಕ ಚರ್ಚೆಯೇ ಬೇಕು. ನೀವೇ ಶುರು ಮಾಡಿ, 'ಈಝಿ ಡಜ್ ಇಟ್'ನ ಹಾಡುಗಳನ್ನ ಒಂದೊಂದಾಗಿ ನೋಡೋಣ. @ಹಕ್ಕುಪತ್ರ ಅಲ್ಲಿ ಬನ್ನಿ, ರೆನ್ ಪಾಲಿನ ಲೆಕ್ಕಕ್ಕೆ ನಿಮ್ಮ ಸಹಾಯ ಬೇಕು.